ನಲವತ್ತೇಳನೇ ಕಲ್ಲಿನ ಗೆರೆ

ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಬ್ಲಾಕುಗಳಿಗೆ ಗೆರೆ ಎಳೆಯುವುದು ನನ್ನ ಕೆಲಸವಾಗಿತ್ತು. ಇದೂ ಒಂದು ಕೆಲಸವೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಅದು ತಿಳಿಯದೆ ನಾನು ಮಾಡಿದ ತಪ್ಪು ತಿಳಿಯುವುದಿಲ್ಲ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಕ್ವಾರಿಯಿಂದ ಬಂದ ಕೆಂಪು ಕಲ್ಲಿನ ಬ್ಲಾಕನ್ನು ಕ್ರೇನಿನಿಂದ ಇಳಿಸಿ, ನೀರು ಹೊಡೆದು ತೊಳೆದು, ಅಳತೆ ತೆಗೆದು, ನಂಬರು ಬರೆಯುತ್ತೇವೆ. ಕಟರಿಗೆ ಕೊಡುವ ಮುಂಚೆ ಅದರ ನೆತ್ತಿಯ ಮೇಲೆ ಈ ಕಡೆಯಿಂದ ಆ ಕಡೆಗೆ ಓರೆಯಾಗಿ ಒಂದು ಬಣ್ಣದ ಗೆರೆ ಎಳೆಯಬೇಕು. ಕಟರು ಬ್ಲಾಕನ್ನು ಸ್ಲ್ಯಾಬುಗಳಾಗಿ ಸೀಳುವಾಗ ಗೆರೆಯೂ ಸೀಳಿಹೋಗಿ, ಒಂದೊಂದು ಸ್ಲ್ಯಾಬಿನ ಮೇಲಂಚಿನಲ್ಲಿ ಒಂದೊಂದು ಬೊಟ್ಟು ಉಳಿಯುತ್ತದೆ. ಸ್ಲ್ಯಾಬುಗಳನ್ನು ಕ್ರಮ ತಪ್ಪದೆ ಸ್ಟ್ಯಾಂಡಿಗೆ ನಿಲ್ಲಿಸಿದರೆ ಬೊಟ್ಟುಗಳೆಲ್ಲ ಕೂಡಿ ಮತ್ತೆ ಒಂದೇ ಗೆರೆಯಾಗಿ ಕಾಣುತ್ತವೆ. ನಡುವಿನ ಒಂದು ಸ್ಲ್ಯಾಬು ಕಾಣೆಯಾದರೆ ಗೆರೆ ಆ ಜಾಗದಲ್ಲಿ ಮೆಟ್ಟಿಲಿನಂತೆ ಜಿಗಿಯುತ್ತದೆ. ದೊಡ್ಡ ಹಾಲಿನ ಗೋಡೆಗೆ ಕಲ್ಲು ಕೊಳ್ಳುವವರಿಗೆ ಒಂದರ ಮಗ್ಗುಲಿಗೆ ಇನ್ನೊಂದು, ಮೈಯಲ್ಲಿ ಹಾದ ಎಳೆ ಕೂಡುವಂಥ ಕಲ್ಲು ಬೇಕು. ಅದಕ್ಕಾಗಿ ಈ ಗೆರೆ. ಕಾರ್ಖಾನೆಯಲ್ಲಿ ರಿಜಿಸ್ಟರಿಗಿಂತ ಗೆರೆಯನ್ನು ಹೆಚ್ಚು ನಂಬುತ್ತಿದ್ದರು.

ನಲವತ್ತೇಳನೇ ನಂಬರಿನ ಬ್ಲಾಕಿಗೆ ನಾನು ಗೆರೆ ಎಳೆಯಲಿಲ್ಲ. ತಂಗಿಯನ್ನು ಬಾಗಲಕೋಟೆಯ ನವನಗರದ ಹಾಸ್ಟೆಲಿಗೆ ಸೇರಿಸಲು ಎರಡು ದಿನ ರಜೆ ಹಾಕಿದ್ದೆ. ಹೋಗುವ ಮುಂಚೆ ಎಳೆದಿಡಬೇಕಿತ್ತು, ಮರೆತೆ. ತಿರುಗಿ ಬಂದಾಗ ಬ್ಲಾಕು ಸೀಳಿ, ಸ್ಲ್ಯಾಬುಗಳು ಸ್ಟ್ಯಾಂಡಿನ ಮೇಲೆ ನಿಂತಿದ್ದವು. ಯಾರ್ಡಿನ ಕಾವಲಿನವನು ಗುಡೂರಿನವನು, ನನಗಿಂತ ಹದಿನೈದು ವರ್ಷ ದೊಡ್ಡವನು. ಗೆರೆ ಇಲ್ಲದ್ದನ್ನು ಮೊದಲು ಕಂಡವನು ಅವನೇ.

"ಲೇ, ನಿನ್ನ ಕಲ್ಲು ಬರೇ ತಲಿಲೇ ನಿಂತಾವಲ್ಲೋ. ಸಾವ್ಕಾರ ನೋಡಿದ್ರ ನಿನ್ನ ನೆತ್ತಿ ಮ್ಯಾಲ ಗೆರಿ ಎಳೀತಾನ" ಎಂದು ನಕ್ಕು, ಒಳಗೆ ಹೋಗಿ ಬಣ್ಣದ ಡಬ್ಬಿಯನ್ನೂ ಬ್ರಷ್ಷನ್ನೂ ತಂದುಕೊಟ್ಟ. ನಿಂತ ಸ್ಲ್ಯಾಬುಗಳ ಅಂಚಿನ ಮೇಲೆ ನಾನು ಈ ತುದಿಯಿಂದ ಆ ತುದಿಗೆ ಓರೆಯಾಗಿ ಗೆರೆ ಎಳೆದೆ. ಐದು ನಿಮಿಷದ ಕೆಲಸ. ಸ್ಲ್ಯಾಬುಗಳನ್ನು ಎಣಿಸಲಿಲ್ಲ.

ಸುಮಾರು ಮೂರು ವಾರದ ಮೇಲೆ ಆ ಮಾಲು ಲೋಡು ಮಾಡಲು ಹೋದಾಗ ಕಟರಿನ ರಿಜಿಸ್ಟರಿನಲ್ಲಿ ಹದಿನೆಂಟು ಇತ್ತು, ಸ್ಟ್ಯಾಂಡಿನಲ್ಲಿ ಹದಿನಾರು. ಸಾವ್ಕಾರರು ಬಂದು ಗೆರೆ ನೋಡಿದರು. ಗೆರೆ ಎಲ್ಲಿಯೂ ಜಿಗಿದಿರಲಿಲ್ಲ. ಅಂದರೆ ನಡುವಿನಿಂದ ಯಾವುದೂ ಹೋಗಿಲ್ಲ, ಹೋಗಿದ್ದರೆ ತುದಿಯಿಂದ ಹೋಗಿರಬೇಕು. ಸ್ಟ್ಯಾಂಡಿನ ತುದಿ ಇದ್ದದ್ದು ಗೇಟಿನ ಕಡೆ. ಗೇಟಿನಲ್ಲಿ ಕೂರುವವನು ಕಾವಲಿನವನು.

ಅವನು ಹೆದರದೆ ಹೇಳಿದ: "ಸಾವ್ಕಾರ್ರ, ಆ ಗೆರಿ ಕೊಯ್ದಮ್ಯಾಲ ಎಳದದ್ದರಿ. ಅದನ್ನ ನಂಬಬ್ಯಾಡ್ರಿ. ಇಂವನ್ನ ಕೇಳ್ರಿ, ಡಬ್ಬಿ ನಾನ ತಂದಕೊಟ್ಟೇನಿ."

ಸಾವ್ಕಾರರು ನನ್ನ ಕಡೆ ತಿರುಗಿದರು. ಆ ತಿಂಗಳಲ್ಲೇ ಒಂದು ಲೆಕ್ಕ ತಪ್ಪಿದ್ದಕ್ಕೆ ಒಬ್ಬ ಅಳತೆಯವನನ್ನು ಕೆಲಸ ಬಿಡಿಸಿದ್ದರು. ನಾನು ಅಂದೆ: "ಇಲ್ರಿ. ಕೊಯ್ಯೋಕಿಂತ ಮೊದಲ ಎಳದೇನ್ರಿ."

ಮರುದಿನದಿಂದ ಅವನು ಬರಲಿಲ್ಲ. ಪೊಲೀಸರವರೆಗೆ ಹೋಗಲಿಲ್ಲ, ಆದರೆ ಕಲ್ಲು ಕದ್ದವನು ಎಂಬ ಮಾತು ಅವನಿಗಿಂತ ಮುಂಚೆ ಗುಡೂರಿಗೆ ಹೋಗಿ ಮುಟ್ಟಿತು. ಜಗಳ ಬಿದ್ದ ಮಾಲನ್ನು ಸಾವ್ಕಾರರು ಕಳಿಸಲಿಲ್ಲ. ಹದಿನಾರೂ ಸ್ಲ್ಯಾಬುಗಳನ್ನು ಹಿಂದಿನ ಗೋಡೆಗೆ ಒರಗಿಸಿಟ್ಟರು. ನಾನು ಆ ಕಡೆ ಹೋಗುವುದನ್ನು ಬಿಟ್ಟೆ.

ಇದು ಮೊದಲನೆಯ ತಪ್ಪು.

ನನ್ನ ತಂಗಿ ಬಾಗಲಕೋಟೆಯಲ್ಲಿ ಓದುತ್ತಿದ್ದದ್ದು ಅಪರಾಧಶಾಸ್ತ್ರ ಮತ್ತು ಮಾಹಿತಿ ತಂತ್ರಜ್ಞಾನ ಎರಡನ್ನೂ ಸೇರಿಸಿ ಕಲಿಸುವ ಡಿಗ್ರಿ. ಒಂದು ತಾಸು ಕಳ್ಳತನ ಏಕೆ ಆಗುತ್ತದೆ, ಸಾಕ್ಷಿ ಹೇಗೆ ಕೆಡುತ್ತದೆ ಎಂಬ ಪಾಠ. ಮುಂದಿನ ತಾಸು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಪಾಠ. ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟವನು. ಎರಡೂ ನನಗೆ ಒಂದೇ ದೂರ. ಮನೆಯಲ್ಲಿ ಸೀರೆಯ ನೂಲಿನ ಕಂಡಿಕೆ ಸುತ್ತುತ್ತ ಕೂತ ಅವ್ವ ಅವಳನ್ನು ಕೆಣಕುತ್ತಿದ್ದಳು.

"ಪೊಲೀಸ್ ಆಗಾಕಿ ಏನು ನೀ, ಕಂಪ್ಯೂಟರ್ ರಿಪೇರಿ ಮಾಡಾಕಿ ಏನು? ಕೇಳಿದವರಿಗೆ ನಾ ಒಂದರ ಹೇಳಬೇಕಲ್ಲ."

"ಈಗಿನ ಕಳ್ಳ ಎರಡೂ ಕಲತಾನಬೇ. ಹಿಡಿಯಾಕಿ ಒಂದ ಕಲತರ ಹೆಂಗ?"

ಕೊನೆಯ ವರ್ಷಕ್ಕೆ ಅವಳು ಆರಿಸಿಕೊಂಡ ಪ್ರಾಜೆಕ್ಟು ಕಲ್ಲಿನದೇ. ಗ್ರಾನೈಟಿನ ಎಳೆ ಬೆರಳಚ್ಚಿನಂತೆ, ಒಂದು ಬ್ಲಾಕಿನದು ಇನ್ನೊಂದರಲ್ಲಿ ಬರುವುದಿಲ್ಲ. ಸ್ಲ್ಯಾಬುಗಳ ಫೋಟೋ ಕೊಟ್ಟರೆ ಯಾವುದು ಯಾವುದರ ಮಗ್ಗುಲಿನದು ಎಂದು ಹೇಳುವ ಪ್ರೋಗ್ರಾಂ ಬರೆಯಬೇಕು, ಕದ್ದ ಕಲ್ಲು ಎಲ್ಲಿಯದೆಂದು ಅದರಿಂದ ಪತ್ತೆ ಮಾಡಬಹುದು ಎಂಬುದು ಅವಳ ವಿಚಾರ. ನಮ್ಮ ಕಾರ್ಖಾನೆಯಲ್ಲೇ ಫೋಟೋ ತೆಗೆಯಲು ಸಾವ್ಕಾರರು ಒಪ್ಪಿದರು. ಮನೆಯ ಹುಡುಗಿ, ಪುಕ್ಕಟೆ ಕಂಪ್ಯೂಟರ್ ಕೆಲಸ, ಅವರಿಗೇನು ನಷ್ಟ.

ಶನಿವಾರ ಮಧ್ಯಾಹ್ನ ಹುನಗುಂದದ ಮೇಲಿಂದ ಬರುವ ಬಸ್ಸಿಗೆ ಬಂದಳು. ಕಾಲೇಜಿನ ಕ್ಯಾಮೆರಾ, ಅಳತೆಪಟ್ಟಿ, ಒಂದು ಫೈಲು. ಆರು ಬ್ಲಾಕುಗಳ ಸ್ಲ್ಯಾಬುಗಳನ್ನು ಎರಡು ಶನಿವಾರ ಕೂತು ತೆಗೆದಳು. ನಾನು ನೀರು ಹಾಕಿ ಒರೆಸಿಕೊಡುತ್ತಿದ್ದೆ. ಒಣಗಿದ ಕಲ್ಲಿನಲ್ಲಿ ಎಳೆ ಮಂಕಾಗಿರುತ್ತದೆ, ನೀರು ಬಿದ್ದರೆ ಏಳುತ್ತದೆ. ಒಂದೊಂದಕ್ಕೂ ಮುಖದ ಫೋಟೋ, ಮೇಲಂಚಿನ ಫೋಟೋ. ಯಾವ ಬ್ಲಾಕು ಬೇಕೆಂದು ಸಾವ್ಕಾರರೇ ತೋರಿಸಿದ್ದರು. ಮಾರಾಟವಾಗದೆ ನಿಂತದ್ದೆಂದು ನಲವತ್ತೇಳೂ ಅದರಲ್ಲಿ ಸೇರಿತ್ತು. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ.

ಪ್ರತಿ ಬ್ಲಾಕಿಗೆ ಒಂದು ಫಾರಂ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ತೆಗೆದರು, ಆಮೇಲೆ ಯಾರ ಕೈಗೆ ಹೋಯಿತು. ಕೊನೆಯಲ್ಲಿ ಸಾಕ್ಷಿಯ ಸಹಿ.

"ಇಲ್ಲಿ ನೀ ಹಾಕಣ್ಣಾ."

"ನಂದ್ಯಾಕ? ನಿಂದ ಇದ್ರ ಸಾಲದೇನು?"

"ತೆಗದಾಕಿನ ತಾನ ಸಾಕ್ಷಿ ಆಗಂಗಿಲ್ಲ. ನೋಡಿದವ್ರು ಬ್ಯಾರೆ ಇರಬೇಕು. ನೀ ಹಗರಕ ಬರಿ, ಅವಸರ ಇಲ್ಲ."

ಆರೂ ಫಾರಮ್ಮಿಗೆ ನನ್ನ ಸಹಿ ಬಿತ್ತು.

ಮೂರು ವಾರ ಕಳೆದು ಅವಳು ಮತ್ತೆ ಮನೆಗೆ ಬಂದಳು. ಐದು ಬ್ಲಾಕುಗಳನ್ನು ಪ್ರೋಗ್ರಾಂ ತಪ್ಪಿಲ್ಲದೆ ಜೋಡಿಸಿತ್ತು. ನಲವತ್ತೇಳರಲ್ಲಿ ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ತಾಳೆಯಾಗುತ್ತಿರಲಿಲ್ಲ. ತನ್ನ ಪ್ರೋಗ್ರಾಮೇ ತಪ್ಪಿರಬೇಕೆಂದು ಅವಳು ಅದನ್ನು ಮೂರು ಸಲ ಮೊದಲಿನಿಂದ ಬರೆದಿದ್ದಳಂತೆ. ಊಟವಾದ ಮೇಲೆ ಲ್ಯಾಪ್‌ಟಾಪು ತೆಗೆದು ನನಗೆ ತೋರಿಸಿದಳು.

"ನೋಡಿಲ್ಲೆ. ಈ ಕರಿ ಎಳಿ ಎಂಟನೇದ್ರಾಗ ಇಲ್ಲಿಗೆ ಬಂದೈತಿ, ಒಂಬತ್ತರಾಗ ಒಂದು ಗೇಣು ಆಚೆ ಐತಿ. ನಡುವ ಎರಡು ಕಲ್ಲಿನಷ್ಟು ಖಾಲಿ. ಆದ್ರ ನಿನ್ನ ಗೆರಿ ಜಿಗದಿಲ್ಲ. ಕಲ್ಲು ಜಿಗೀತೈತಿ, ಗೆರಿ ಜಿಗಿಯಂಗಿಲ್ಲ. ಇದು ಹೆಂಗ?"

"ಕಲ್ಲಂದ್ರ ಹಂಗಽ ಇರತೈತಿ. ಎಲ್ಲಾ ನಿನ್ನ ಪುಸ್ತಕದಾಗಿನಂಗ ಇರತಾವೇನು?"

ಅವಳು ಒಪ್ಪಿದಂತೆ ತಲೆಯಾಡಿಸಿದಳು. ನನಗೆ ಅವಳ ಮೇಲೆ ಸಂಶಯ ಹುಟ್ಟಿದ್ದು ಆ ತಲೆಯಾಡಿಸಿದ್ದರಿಂದ. ಅವಳು ಅಷ್ಟು ಬೇಗ ಒಪ್ಪುವವಳಲ್ಲ.

ಅಂದಿನಿಂದ ಅವಳನ್ನು ಕಾಯತೊಡಗಿದೆ. ಫೋನು ಬಂದರೆ ಅಂಗಳಕ್ಕೆ ಏಕೆ ಹೋಗುತ್ತಾಳೆ? ನಾನು ಒಳಗೆ ಬಂದರೆ ಲ್ಯಾಪ್‌ಟಾಪನ್ನು ಏಕೆ ಅರ್ಧ ಮುಚ್ಚುತ್ತಾಳೆ? ಕಟರಿನವನು ಒಂದು ದಿನ ಚಹಾ ಕುಡಿಯುತ್ತ ಹೇಳಿದ: "ನಿಮ್ಮ ತಂಗೀನ ಗುಡೂರ ಬಸ್‌ಸ್ಟ್ಯಾಂಡಿನ್ಯಾಗ ನೋಡಿದ್ನೆಪಾ. ಆ ಕಾವಲಿನವನ ಸಂಗಾಟ ನಿಂತು ಮಾತಾಡಾಕತ್ತಿದ್ಲು. ಬರಕೋತಿದ್ಲು ಬ್ಯಾರೆ." ಅವಳು ಗುಡೂರಿಗೆ ಹೋದದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಎಲ್ಲಾ ಬಿಟ್ಟು ನಮ್ಮ ಕಾರ್ಖಾನೆಯನ್ನೇ ಆರಿಸಿದ್ದು, ನಲವತ್ತೇಳನ್ನು ತೆಗೆದದ್ದು, ನನ್ನ ಸಹಿ ಹಾಕಿಸಿದ್ದು, ಎಲ್ಲವೂ ಮೊದಲೇ ಗೊತ್ತುಮಾಡಿಕೊಂಡದ್ದು ಎಂದು ತೋರಿತು. ನಲವತ್ತೇಳನ್ನು ತೋರಿಸಿದವರು ಸಾವ್ಕಾರರು ಎಂಬುದು ಆಗ ನೆನಪಿಗೆ ಬರಲಿಲ್ಲ. ಸಂಶಯಕ್ಕೆ ಬೇಕಾದದ್ದಷ್ಟೇ ನೆನಪಿರುತ್ತದೆ.

ಒಂದು ಭಾನುವಾರ ಅವಳು ಮೀಯಲು ಹೋದಾಗ ಅವಳ ನೋಟುಬುಕ್ಕು ತೆಗೆದೆ. ನನಗೆ ಓದು ನಿಧಾನ, ಅವಳ ಅಕ್ಷರ ಸಣ್ಣದು. ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದಿದ್ದಳು: ಕಟರಿನವ, ಕ್ರೇನಿನವ, ಕಾವಲಿನವ, ಗೆರೆ ಎಳೆಯುವವ. ಮೊದಲ ಮೂವರ ಮುಂದೆ ಟಿಕ್ ಇತ್ತು. ನನ್ನ ಮುಂದೆ ಇರಲಿಲ್ಲ. ಮೂವರನ್ನು ನೋಡಿ ಬಿಟ್ಟಿದ್ದಾಳೆ, ಉಳಿದವನು ನಾನೊಬ್ಬನೇ ಎಂದು ಅರ್ಥಮಾಡಿಕೊಂಡೆ. ಅಣ್ಣ ಎಂದು ಬರೆದಿರಲಿಲ್ಲ, ಗೆರೆ ಎಳೆಯುವವ ಎಂದು ಬರೆದಿದ್ದಳು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಸೋಮವಾರ ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ ಕೈ ಗ್ರೈಂಡರು ತೆಗೆದುಕೊಂಡು ಹಿಂದಿನ ಗೋಡೆಯ ಕಡೆ ಹೋದೆ. ಹದಿನಾರೂ ಸ್ಲ್ಯಾಬುಗಳ ಅಂಚಿನ ಬಣ್ಣವನ್ನು ಉಜ್ಜಿ ತೆಗೆದೆ. ಯಾರೋ ಕೇಳಿದ್ದಕ್ಕೆ, ಮಾಲು ಮಾರಬೇಕಂತ, ಅಂಚು ಸ್ವಚ್ಛ ಮಾಡುತ್ತಿದ್ದೇನೆ ಎಂದೆ. ಗೆರೆಯೇ ಇಲ್ಲವೆಂದ ಮೇಲೆ ಯಾವಾಗ ಎಳೆದದ್ದೆಂದು ಯಾರು ಕೇಳುತ್ತಾರೆ? ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ. ಆ ಗೆರೆ ಅವಳ ಫೋಟೋದಲ್ಲಿ ಉಳಿದಿದೆ, ಫೋಟೋದಲ್ಲಿದ್ದು ಕಲ್ಲಿನ ಮೇಲೆ ಇಲ್ಲದಿದ್ದರೆ ಸುಳ್ಳಾಗುವವಳು ಅವಳು ಎಂಬುದು ಹೊಳೆಯಲಿಲ್ಲ.

ಅವಳ ಪ್ರಾಜೆಕ್ಟಿನ ಕರಡು ವಿಭಾಗಕ್ಕೆ ಹೋಯಿತು. ಅಲ್ಲಿ ಕಂಪ್ಯೂಟರ್ ಪಾಠ ಮಾಡುವ ಸರ್ ಒಬ್ಬರು ನಲವತ್ತೇಳರ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರಂತೆ. ಬೇರೆ ಐದು ಬ್ಲಾಕುಗಳ ಬೊಟ್ಟು ಕಟರಿನ ಕೆಸರು ಮೆತ್ತಿ ಮಾಸಿದ್ದವು, ಬ್ಲೇಡು ಹಾದ ಕಡೆ ಚಕ್ಕೆ ಎದ್ದಿದ್ದವು. ನಲವತ್ತೇಳರದ್ದು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಇದು ಕಲ್ಲಿನ ಮೇಲೆ ಎಳೆದದ್ದಲ್ಲ, ಕಂಪ್ಯೂಟರಿನಲ್ಲಿ ಎಳೆದದ್ದು, ಹೇಳಿಕೊಳ್ಳಲು ಒಂದು ಕೇಸು ಬೇಕೆಂದು ಹುಡುಗಿ ಸೃಷ್ಟಿಸಿದ್ದಾಳೆ ಎಂದು ಅವರು ತೀರ್ಮಾನಿಸಿದರು. ತಂಗಿ ಪ್ರತಿ ಫೋಟೋಗೂ ಒಂದು ಗುರುತಿನ ಸಂಖ್ಯೆ ತೆಗೆದಿಟ್ಟಿದ್ದಳು. ಆಮೇಲೆ ಫೋಟೋದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದಂತೆ. ಆದರೆ ಅದನ್ನು ತೆಗೆದದ್ದು ಮರುದಿನ ಹಾಸ್ಟೆಲಿಗೆ ಹೋದ ಮೇಲೆ. ನಡುವಿನ ಒಂದು ದಿನ ಕ್ಯಾಮೆರಾದ ಕಾರ್ಡು ನಮ್ಮ ಮನೆಯಲ್ಲಿತ್ತು. ಆ ಒಂದು ದಿನಕ್ಕೆ ಇದ್ದ ಆಧಾರ ಫಾರಮ್ಮಿನ ಸಾಕ್ಷಿ.

ಆ ಸರ್ ಮತ್ತು ಅವಳ ಗೈಡ್ ಮೇಡಂ ಇಬ್ಬರೂ ಕಾರ್ಖಾನೆಗೆ ಬಂದರು. ತಂಗಿ ಧೈರ್ಯವಾಗಿಯೇ ಅವರನ್ನು ಹಿಂದಿನ ಗೋಡೆಗೆ ಕರೆದೊಯ್ದಳು. ಅಂಚುಗಳನ್ನು ನೋಡಿ ನಿಂತುಬಿಟ್ಟಳು. ಬೆರಳಿನಿಂದ ಒಂದು ಅಂಚನ್ನು ಸವರಿದಳು. ಮತ್ತೊಂದನ್ನು ಸವರಿದಳು.

"ಎಲ್ಲಿ ಐತಮ್ಮಾ ನಿನ್ನ ಗೆರಿ?" ಸರ್ ಕೇಳಿದರು.

"ಇತ್ತು ಸರ್. ಯಾರೋ ಉಜ್ಜ್ಯಾರ." ಆಮೇಲೆ ನನ್ನನ್ನು ಕರೆದಳು. "ಅಣ್ಣಾ, ಫೋಟೋ ತೆಗಿಯೋ ಮುಂದ ನೀ ಇದ್ದೆಲ್ಲಾ. ಹೇಳು."

ಸಾವ್ಕಾರರು ಅಲ್ಲೇ ಇದ್ದರು. ಇತ್ತು ಎಂದರೆ ಉಜ್ಜಿದವರು ಯಾರು ಎಂಬ ಪ್ರಶ್ನೆ, ಏಕೆ ಉಜ್ಜಿದೆ ಎಂಬ ಪ್ರಶ್ನೆ, ಅಲ್ಲಿಂದ ಕಾವಲಿನವನವರೆಗೆ. ನಾನು ಕಲ್ಲು ನೋಡುತ್ತ ಹೇಳಿದೆ: "ಭಾಳ ದಿನ ಆತ್ರಿ. ಗೆರಿ ಇತ್ತೋ ಇಲ್ಲೋ, ನನಗ ನೆನಪಿಲ್ರಿ."

ಮೇಡಂ ಫಾರಂ ಚಾಚಿದರು. "ಈ ಸಹಿ ನಿಮ್ದ ಹೌದಿಲ್ಲೋ?"

"ಸಹಿ ನಂದರಿ. ಆಕಿ ಮಾಡು ಅಂದ್ಲು, ಮಾಡಿದ್ನಿರಿ."

ತಂಗಿ ಅಳಲಿಲ್ಲ. ನನ್ನನ್ನು ನೋಡಿದಳು, ಆಮೇಲೆ ಆ ಅಂಚನ್ನು ನೋಡಿದಳು, ಆಮೇಲೆ ಸ್ವಲ್ಪ ದೂರದಲ್ಲಿ ಮೊಳೆಗೆ ತೂಗುಬಿದ್ದ ಗ್ರೈಂಡರನ್ನು ನೋಡಿದಳು. ಅವಳು ಕಲಿತ ಓದು ಏನೆಂದು ನನಗೆ ಆ ಹೊತ್ತು ತಿಳಿಯಿತು.

ಹತ್ತು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಇಲ್ಲವಾದರೆ ಪ್ರಾಜೆಕ್ಟು ರದ್ದು, ವರ್ಷ ಹೋಗುತ್ತದೆ ಎಂದು ವಿಭಾಗದಿಂದ ಪತ್ರ ಬಂತು. ವರ್ಷದ ಮಾತಿರಲಿ. ಸುಳ್ಳು ಸಾಕ್ಷ್ಯ ಸೃಷ್ಟಿಸಿದವಳು ಎಂದು ಅವಳ ಫೈಲಿನಲ್ಲಿ ಸೇರಿದರೆ ಈ ಓದು ಓದಿದವಳಿಗೆ ಮುಂದೆ ಎಲ್ಲಿ ಜಾಗ?

ಶನಿವಾರ ಮನೆಗೆ ಬಂದಳು. ನನ್ನನ್ನು ಏನೂ ಕೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ಕೇಳದೆ ಇರುವುದು ಇನ್ನೊಂದು ಬಲೆಯೇನೋ ಎಂದು ನನಗೆ ಆಗಲೂ ಸಂಶಯ. ತಡೆಯಲಾಗದೆ ನಾನೇ ಅಂದೆ: "ನಿನ್ನ ಬುಕ್ಕಿನ್ಯಾಗ ಎಲ್ಲಾರಿಗೂ ಟಿಕ್ ಹಾಕಿ ನನ್ನ ಒಬ್ಬನ್ನ ಬಿಟ್ಟಿದ್ದೆಲ್ಲ. ಆವಾಗಿಂದ ನಿನಗ ನನ್ನ ಮ್ಯಾಲ ಕಣ್ಣು."

ಅವಳು ಬಟ್ಟೆ ಮಡಿಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಟಿಕ್ ಹಾಕಿದ್ದು ಇನ್ನೂ ಕೇಳಬೇಕಾದವ್ರಿಗಣ್ಣಾ. ಗುಡೂರಿಗೂ ಅದಕ್ಕ ಹೋಗಿದ್ದೆ. ನಿನಗ ಕೇಳೋದು ಬ್ಯಾಡಾಗಿತ್ತು. ನೀ ಸಾಕ್ಷಿ ಇದ್ದೆಲ್ಲ."

ಅವಳು ಒಳಗೆ ಹೋದಳು. ನಾನು ಅಲ್ಲೇ ಕೂತೆ. ಅವ್ವ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿ, ಮತ್ತೆ ಸುತ್ತತೊಡಗಿದಳು.

ಮರುದಿನ ಬೆಳಿಗ್ಗೆ ಬಾದಾಮಿಯ ಬಸ್ಸು ಹತ್ತಿದೆ. ಗೈಡ್ ಮೇಡಂ ಅವರ ಮನೆ ಅಲ್ಲಿ. ಬಸ್ಸು ಗುಡೂರಿನಲ್ಲಿ ನಿಂತಾಗ ಕಿಟಕಿಯಿಂದ ಮುಖ ಒಳಗೆ ತೆಗೆದುಕೊಂಡೆ.

ಮೇಡಂ ವರಾಂಡದಲ್ಲಿ ಕುರ್ಚಿ ಹಾಕಿಸಿ, ಒಂದು ಮಾತು ನಡುವೆ ಆಡದೆ ಎಲ್ಲ ಕೇಳಿದರು. ಗೆರೆ ಮರೆತದ್ದು, ಆಮೇಲೆ ಎಳೆದದ್ದು, ಸಾವ್ಕಾರರ ಮುಂದೆ ಆಡಿದ ಸುಳ್ಳು, ಗ್ರೈಂಡರು. ಹೇಳಿ ಮುಗಿಸಿದ ಮೇಲೆ ನನಗೆ ಹಗುರಾಗುತ್ತದೆ ಅಂದುಕೊಂಡಿದ್ದೆ.

"ಮೊನ್ನೆ ನೆನಪಿಲ್ಲ ಅಂದ್ರಿ. ಇವತ್ತು ಎಲ್ಲಾ ನೆನಪಾತು" ಎಂದರು ಮೇಡಂ. "ನೀವು ಆಕಿ ಅಣ್ಣ. ಆಕಿ ಮುಳುಗೋದು ನೋಡಿ ಮೈಮ್ಯಾಲೆ ಹಾಕ್ಕೊಳ್ಳಾಕ ಬಂದೀರಿ ಅಂತ ಆ ಸರ್ ಅಂತಾರ. ನಾನೂ ಅಂತೇನಿ. ಯಾಕ ಅನ್ನಬಾರದು ಹೇಳ್ರಿ."

"ಖರೆ ಹೇಳಾಕತ್ತೇನ್ರಿ."

"ಆವಾಗೂ ಹಂಗಽ ಹೇಳಿದ್ರಿ. ನಿಮ್ಮ ಮಾತು ಬ್ಯಾಡ. ಗೆರಿ ಕೊಯ್ದಮ್ಯಾಲ ಎಳದದ್ದು ಅಂತ ಹೇಳೋ ಕಲ್ಲು ಇದ್ರ ತೋರಸ್ರಿ."

ತಿರುಗಿ ಬರುವ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಎರಡು ಸ್ಲ್ಯಾಬುಗಳನ್ನು ಯಾರೂ ಕದ್ದಿಲ್ಲವೆಂದರೆ ಅವು ಒಡೆದಿರಬೇಕು. ಎತ್ತುವಾಗ ಬಿರಿದ ಕಲ್ಲನ್ನು ಕೆಲಸದವರು ರಿಜಿಸ್ಟರಿನಲ್ಲಿ ತಿದ್ದದೆ ತುಂಡುಮಾಡಿ ರದ್ದಿಕಲ್ಲಿನ ಗುಡ್ಡೆಗೆ ಹಾಕಿಬಿಡುವುದುಂಟು. ಆ ತುಂಡುಗಳು ಸಿಕ್ಕರೆ ಅವುಗಳ ಮೇಲಂಚಿನಲ್ಲಿ ಬಣ್ಣ ಇರುವುದಿಲ್ಲ. ಕೊಯ್ಯುವ ಮುಂಚೆ ಗೆರೆ ಎಳೆದಿದ್ದರೆ ಇರಲೇಬೇಕಿತ್ತು. ಆದರೆ ಗುಡ್ಡೆ ಒಂದು ಎಕರೆಯಷ್ಟು ಹರಡಿದೆ. ವರ್ಷಗಟ್ಟಲೆ ಬಿದ್ದ ಕಲ್ಲು. ಯಾವ ವಾರದ ಟ್ರ್ಯಾಕ್ಟರು ಯಾವ ಮಗ್ಗುಲಿಗೆ ಸುರಿಯಿತು ಎಂದು ಬಲ್ಲವನು ಗೇಟಿನಲ್ಲಿ ಕೂತು ದಿನಾ ದಾರಿ ತೋರಿಸುತ್ತಿದ್ದ ಒಬ್ಬನೇ.

ಗುಡೂರಿನಲ್ಲಿ ಇಳಿದೆ.

ಅವನು ಒಂದು ಗೊಬ್ಬರದಂಗಡಿಯಲ್ಲಿ ಚೀಲ ಇಳಿಸುತ್ತಿದ್ದ. ನನ್ನನ್ನು ನೋಡಿ ಚೀಲವನ್ನು ನಿಧಾನವಾಗಿ ಕೆಳಗಿಟ್ಟ.

"ಬರ್ರಿ ಗೆರಿ ಎಳಿಯೋರ. ಇಲ್ಲೇನೂ ಕಳುವಾಗಿಲ್ಲಲ್ಲ ಮತ್ತ?"

ಹದಿನೈದು ವರ್ಷ ದೊಡ್ಡವನು ನನಗೆ ‘ರಿ’ ಹಚ್ಚಿ ಮಾತಾಡಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಿಂತಲ್ಲೇ ಎಲ್ಲ ಹೇಳಿದೆ. ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ.

"ನಿನಗ ನಿನ್ನ ತಂಗಿ ಸಂಬಂಧ ನೋವಾತು, ಬಂದಿ. ನನ್ನ ಸಂಬಂಧ ಬರಲಿಲ್ಲ."

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ಚೀಲದ ಮೇಲೆ ಕೂತ.

"ನನ್ನ ಮಗಳು ಸಾಲಿಗೆ ಹೋಗಾಕ ಒಲ್ಲೆ ಅಂದು ಒಂದು ತಿಂಗಳು ಮನ್ಯಾಗ ಕುಂತ್ಲು, ಗೊತ್ತೈತೇನು? ಕಲ್ಲು ಹೊತ್ಕೊಂಡು ಹೋದವನ ಮಗಳು ಅಂತ. ಎರಡಾಳೆತ್ತರದ ಕಲ್ಲು ನಾ ಹೆಂಗ ಹೊತ್ನಿ ಅಂತ ಒಬ್ಬರ ಕೇಳಿದ್ರೇನು?" ಎದ್ದು ನಿಂತ. "ನಿನ್ನ ತಂಗಿ ಕೇಳಾಕ ಬಂದಾಗ ನಿನ್ನ ಗೆರಿ ಸುದ್ದಿ ಆಕಿ ಮುಂದ ತಗೀಲಿಲ್ಲ. ಜಾಗ ತೋರಸ್ತೇನಿ. ಆದ್ರ ಕಳ್ಳರಂಗ ಹಿಂದಿನ ದಾರಿಲೇ ಬರಂಗಿಲ್ಲ. ಗೇಟಿನ್ಯಾಗಿಂದ ಬರ್ತೇನಿ. ಸಾವ್ಕಾರ ಇರಬೇಕು. ಎಲ್ಲಾರೂ ಇರಬೇಕು. ಈಗ ನನಗೇನು ಹೇಳಿದಿ, ಅದನ್ನ ಅವರ ಮುಂದ ಮೊದಲ ಹೇಳು."

ಸೋಮವಾರ ಹಾಗೆಯೇ ಆಯಿತು. ಸಾವ್ಕಾರರ ಮುಂದೆ, ಕಟರಿನವನ ಮುಂದೆ, ಕ್ರೇನಿನವನ ಮುಂದೆ ಹೇಳಿದೆ. ಸಾವ್ಕಾರರು ನನ್ನನ್ನು ನಂಬಿದರೋ ಇಲ್ಲವೋ ಗೊತ್ತಿಲ್ಲ. "ನಿನಗೂ ಆ ಮೇಡಂಗೂ ಏನು ಮಾತುಕತಿ ಆಗೈತಿ?" ಎಂದು ಕೇಳಿದರು. ಕ್ರೇನಿನವನು ನೆಲ ನೋಡುತ್ತಿದ್ದ. ಕಾವಲಿನವನು ಗೇಟಿನಿಂದ ಗುಡ್ಡೆಯವರೆಗೆ ನಡೆದು, ಬೇವಿನ ಗಿಡದ ಎಡಕ್ಕೆ ಒಂದು ತಗ್ಗು ತೋರಿಸಿ, "ಆ ವಾರ ಇಲ್ಲಿ ಸುರಿಸಿದ್ನಿ. ಆ ಕಡೆ ಮಳಿ ನೀರು ನಿಂತಿತ್ತು" ಎಂದು ಹೇಳಿ ಒಂದು ಕಲ್ಲಿನ ಮೇಲೆ ಕೂತ.

ಹುಡುಕಬೇಕಾದದ್ದು ಒಂದೇ. ಎರಡು ಕಡೆ ಬ್ಲೇಡಿನ ಗುರುತು, ಒಂದು ಅಂಚಿನಲ್ಲಿ ಬ್ಲಾಕಿನ ಒರಟು ನೆತ್ತಿ ಉಳಿದ ಕೆಂಪು ತುಂಡು. ಮೊದಲ ದಿನ ಇಪ್ಪತ್ತಕ್ಕಿಂತ ಹೆಚ್ಚು ತೆಗೆದೆ. ಎಲ್ಲದರ ಅಂಚಿನಲ್ಲೂ ಬೊಟ್ಟು ಇತ್ತು, ನಾನೇ ಇಟ್ಟ ಬೊಟ್ಟು. ಅಷ್ಟು ಕಲ್ಲಿಗೆ ತಪ್ಪದೆ ಗೆರೆ ಎಳೆದವನು ಒಂದಕ್ಕೆ ಮರೆತದ್ದು ದೊಡ್ಡದಲ್ಲ ಎಂದು ಒಂದು ಕ್ಷಣ ನನ್ನನ್ನೇ ಸಮಾಧಾನ ಮಾಡಿಕೊಂಡೆ, ಕಾವಲಿನವನ ಕಡೆ ನೋಡಿದೆ, ಬಿಟ್ಟೆ. ಎರಡನೆಯ ದಿನ ಮಧ್ಯಾಹ್ನ ಮಣ್ಣಿನೊಳಗಿಂದ ಮೊಳದಷ್ಟು ಅಗಲದ ಒಂದು ತುಂಡು ಸಿಕ್ಕಿತು. ಕರಿ ಎಳೆ ಓರೆಯಾಗಿ ಹಾದಿತ್ತು. ಅಂಚು ಖಾಲಿ. ಅದನ್ನು ಎತ್ತಲಿಲ್ಲ. ಸಿಕ್ಕರೆ ಮುಟ್ಟಬೇಡ ಎಂದು ತಂಗಿ ಫೋನಿನಲ್ಲಿ ಹೇಳಿದ್ದಳು. ಆ ವಾರ ಅವಳು ನನ್ನೊಡನೆ ಆಡಿದ ಮಾತು ಅದೊಂದೇ.

ಮರುದಿನ ಅವಳು ಬಂದಳು. ಜೊತೆಗೆ ಮೇಡಂ, ಆ ಸರ್. ಸರ್ ಗುಡ್ಡೆ ಹತ್ತುವಾಗಲೇ, "ಈ ಕಲ್ಲು ನಿನ್ನೆ ತಂದು ಇಟ್ಟದ್ದಲ್ಲ ಅಂತ ಹೆಂಗ ನಂಬೋದು?" ಎಂದರು. ತಂಗಿ ಬೇಸರಪಡಲಿಲ್ಲ. ಅದು ಕೇಳಬೇಕಾದ ಪ್ರಶ್ನೆಯೇ ಎಂಬಂತೆ ಫೋಟೋ ತೆಗೆಯುತ್ತ ಉತ್ತರಿಸಿದಳು: "ನಂಬೋದು ಬ್ಯಾಡ ಸರ್. ಎಳಿ ಕೂಡಿದ್ರ ಕೂಡತೈತಿ, ಇಲ್ಲಂದ್ರ ಇಲ್ಲ. ಎಳಿ ನಾವು ಮಾಡಾಕ ಬರಂಗಿಲ್ಲ." ಸುತ್ತಲ ಮಣ್ಣಿನ ಫೋಟೋ, ತುಂಡಿನ ಫೋಟೋ, ಅಳತೆಪಟ್ಟಿ ಇಟ್ಟು ಮತ್ತೊಂದು. ಅಗೆದಂತೆ ಇನ್ನೂ ಆರು ತುಂಡು ಸಿಕ್ಕವು. ನೆತ್ತಿಯ ಅಂಚು ಉಳಿದದ್ದು ಮೂರರಲ್ಲಿ. ಮೊದಲ ತುಂಡಿನ ಜೊತೆ ಅವನ್ನು ಕೂಡಿಸಿದರೆ ಒಂದು ಸ್ಲ್ಯಾಬಿನ ಮೇಲಂಚು ಪೂರ್ತಿಯಾಯಿತು, ಎಲ್ಲಿಯೂ ಬಣ್ಣ ಇರಲಿಲ್ಲ. ಈ ಸಲ ಕಾರ್ಡನ್ನು ಮನೆಗೆ ಒಯ್ಯಲಿಲ್ಲ, ಸರ್ ಅವರ ಕಣ್ಣೆದುರೇ ಲ್ಯಾಪ್‌ಟಾಪಿಗೆ ಹಾಕಿ ಸಂಖ್ಯೆ ತೆಗೆದಳು.

ತುಂಡುಗಳನ್ನು ಹಿಂದಿನ ಗೋಡೆಯ ಹತ್ತಿರ ತಂದು, ಎಂಟನೆಯ ಮತ್ತು ಒಂಬತ್ತನೆಯ ಸ್ಲ್ಯಾಬುಗಳನ್ನು ಕ್ರೇನಿನಿಂದ ನೆಲಕ್ಕೆ ಮಲಗಿಸಿ ಅವುಗಳ ನಡುವೆ ಜೋಡಿಸಿದೆವು. ಒಣಗಿ ಧೂಳು ಹಿಡಿದಿದ್ದವು, ಏನೂ ಕಾಣುತ್ತಿರಲಿಲ್ಲ.

"ನೀರು ಹಾಕು" ಎಂದಳು ತಂಗಿ. ಅಣ್ಣಾ ಎನ್ನಲಿಲ್ಲ.

ಪೈಪು ಹಿಡಿದೆ. ಎಂಟನೆಯದರಿಂದ ಹೊರಟ ಕರಿ ಎಳೆ ತುಂಡುಗಳ ಮೇಲೆ ಹಾದು ಒಂಬತ್ತನೆಯದಕ್ಕೆ ಹೋಗಿ ಸೇರಿತು. ಸರ್ ಬಗ್ಗಿ ಕೂತು ಬಹಳ ಹೊತ್ತು ನೋಡಿದರು. ಲ್ಯಾಪ್‌ಟಾಪಿನ ಕಡೆ ನೋಡುವುದು ಬೇಕಾಗಲಿಲ್ಲ. ಕ್ರೇನಿನವನು ಹಿಂದಿನಿಂದ, "ಎತ್ತೋ ಮುಂದ ಬಿರದಿದ್ವರಿ, ಬೈತೀರಿ ಅಂತ ಹೇಳಲಿಲ್ರಿ" ಎಂದದ್ದು ಆಗ.

ತಂಗಿ ಫೈಲಿನಿಂದ ಹೊಸ ಫಾರಂ ತೆಗೆದು ತುಂಬಿದಳು. ಜಾಗ, ಹೊತ್ತು, ತುಂಡುಗಳ ಲೆಕ್ಕ. ಕೊನೆಯ ಸಾಲಿಗೆ ಬಂದು ತಲೆಯೆತ್ತಿದಳು. ನಾನು ಪೈಪು ಕೆಳಗಿಟ್ಟು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡೆ. ಸಹಿ ಹಾಕುವ ಅಭ್ಯಾಸ.

ಅವಳು ನನ್ನನ್ನು ದಾಟಿ ಹೋದಳು. ಮೂರು ದಿನ ಗುಡ್ಡೆಯ ಹತ್ತಿರ ಕೂತು ನೋಡಿ, ಈಗ ಗೋಡೆಯ ಬದಿಯ ಕಲ್ಲಿನ ಮೇಲೆ ಕೂತಿದ್ದ ಕಾವಲಿನವನ ಎದುರು ನಿಂತು ಪೆನ್ನು ಚಾಚಿದಳು.

"ಕಾಕಾ, ನೀವು ನೋಡೀರಲ್ಲ. ಇಲ್ಲಿ ನಿಮ್ಮ ಸಹಿ ಬೇಕರಿ."

ಅವನು ಕೂಡಲೇ ತೆಗೆದುಕೊಳ್ಳಲಿಲ್ಲ. "ನಂದು ನಡೀತೈತೇನವ್ವಾ?" ಎಂದು ಸಾವ್ಕಾರರ ಕಡೆ ನೋಡುತ್ತ ಕೇಳಿದ.

"ನಿಮ್ದ ನಡೀತೈತ್ರಿ" ಎಂದಳು ತಂಗಿ.

ಅವನು ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಪೂರ್ತಿ ಹೆಸರನ್ನೂ ತಂದೆಯ ಹೆಸರನ್ನೂ ಊರನ್ನೂ ಬರೆದ. ಅಷ್ಟಕ್ಕೆ ಅಲ್ಲಿ ಜಾಗವಿರಲಿಲ್ಲ, ಅಕ್ಷರಗಳು ಅಂಚು ದಾಟಿ ಹೋದವು. ಯಾರೂ ಸಾಕು ಎನ್ನಲಿಲ್ಲ. ಅವನು ಮುಗಿಸುವವರೆಗೆ ಕಲ್ಲು ಆರಬಾರದೆಂದು ನಾನು ಮತ್ತೆ ಪೈಪು ಹಿಡಿದು ನೀರು ಹಾಕುತ್ತಲೇ ಇದ್ದೆ.